ಕನ್ನಡ ನಾಡಿನ ಪಾಠಶಾಲೆಗಳಲ್ಲಿ ಕಲಿಕೆಯ ಉಪಕರಣಗಳು

೧

ನಮ್ಮ ಸರ್ಕಾರಿ ಪಾಠಶಾಲೆಗಳಲ್ಲಿ ಹೊಸ ಯಂತ್ರೋಪಕರಣಗಳನ್ನು ಬಳಕೆಗೆ ತರುವ ವಿಚಾರವಾಗಿ ಈಚಿನ ವರ್ಷಗಳಲ್ಲಿ ಬಹಳ ಚರ್ಚೆ ನಡೆದಿದೆ. ಚರ್ಚಿಸುವವರು ಎರಡು ಪಕ್ಷವಾಗಿ ನಿಂತಿರುವಂತೆ ತೋರುತ್ತದೆ. ಗಣಕಯಂತ್ರವು ಬಂದ ಹೊರತು ವಿದ್ಯೆ ಮುಂದುವರಿಯದೆಂದು ಒಂದು ಪಕ್ಷದವರು ಹೇಳುತ್ತಾರೆ. ಅದು ಬಂದುದರಿಂದಲೇ ಗುರುಶಿಷ್ಯರ ಸಂಬಂಧವು ಕೆಟ್ಟಿತೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಈ ಎರಡು ಪಕ್ಷಗಳಿಗೂ ಸಮಾನವಾದ ನಂಬಿಕೆಯೊಂದುಂಟು. ಪಾಠಶಾಲೆಗೆ ಉಪಕರಣವೆಂಬುದು ಈಚೆಗೆ ಹೊರಗಿನಿಂದ ಬಂದ ವಸ್ತು, ಅದಕ್ಕೆ ಮೊದಲು ಗುರುವಿನ ಬಾಯಿ ಮತ್ತು ಶಿಷ್ಯನ ಕಿವಿ ಇವೆರಡೇ ಇದ್ದವು ಎಂಬುದೇ ಆ ನಂಬಿಕೆ.

ಚರಿತ್ರೆಯನ್ನು ನೋಡಿದರೆ ಇದು ಸರಿಯಲ್ಲವೆಂದು ತಿಳಿಯುವುದು. ಐಗಳ ಮಠದಲ್ಲಿ ಹುಡುಗನ ಮುಂದೆ ಹರಡಿದ್ದ ಮಳಲೂ ಒಂದು ಉಪಕರಣವೇ. ಓಲೆಯೂ ಕಂಠವೂ, ಹಲಗೆಯೂ ಬಳಪವೂ, ಅಚ್ಚಿನ ಪುಸ್ತಕವೂ ಕರಿಹಲಗೆಯೂ ಉಪಕರಣಗಳೇ. ಒಂದೊಂದಕ್ಕೂ ಅದನ್ನು ಮಾಡುವ ಕ್ರಮವಿತ್ತು, ತಗಲುವ ವೆಚ್ಚವಿತ್ತು, ಅದರಿಂದ ಕಲಿಸುವ ಒಂದು ಪದ್ಧತಿಯೂ ಇತ್ತು. ಒಂದು ಹೋಗಿ ಮತ್ತೊಂದು ಬಂದಾಗ ಕಲಿಕೆಯ ರೀತಿಯೂ ಮಾರ್ಪಟ್ಟಿತು. ಆದುದರಿಂದ ಇಂದಿನ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಹಿಂದಿನ ಈ ಮಾರ್ಪಾಡುಗಳನ್ನು ಒಮ್ಮೆ ವಿಮರ್ಶಿಸುವುದು ಯುಕ್ತವಾಗಿದೆ.

ಪ್ರಕೃತ ಲೇಖನದಲ್ಲಿ ಪ್ರತಿಯೊಂದು ಉಪಕರಣದ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಿದೆ. ಅದನ್ನು ಯಾರ ಕೈ ನಡೆಯಿಸಿತು? ಅದು ಕೆಟ್ಟಾಗ ಸರಿಪಡಿಸುವ ಶಕ್ತಿ ಯಾರಲ್ಲಿತ್ತು? ಅದು ಎಷ್ಟು ಮಕ್ಕಳಿಗೆ ದೊರೆಯಿತು? ಮೊದಲ ಎರಡು ಪ್ರಶ್ನೆಗಳು ಉಪಕರಣದ ಗುಣಕ್ಕೆ ಸಂಬಂಧಿಸಿದವು. ಮೂರನೆಯದು ಪಾಠಶಾಲೆಯ ಬಾಗಿಲಿಗೆ ಸಂಬಂಧಿಸಿದುದು. ಈ ಎರಡನ್ನೂ ಒಂದರೊಡನೊಂದು ಬೆರಸಿದುದರಿಂದಲೇ ನಮ್ಮ ಚರ್ಚೆಗಳಲ್ಲಿ ಗೊಂದಲವುಂಟಾಗಿದೆಯೆಂದು ನನ್ನ ಅಭಿಪ್ರಾಯ.

೨

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಮಕ್ಕಳು ಹೇಗೆ ಅಕ್ಷರ ಕಲಿಯುತ್ತಿದ್ದರೆಂಬುದಕ್ಕೆ ನಮಗೆ ಒಂದು ಒಳ್ಳೆಯ ಆಧಾರವಿದೆ. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು ೧೮೨೨ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ತಮ್ಮ ಆಧಿಪತ್ಯಕ್ಕೆ ಸೇರಿದ ಜಿಲ್ಲೆಗಳಲ್ಲಿರುವ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ಕಳುಹಿಸಬೇಕೆಂದು ಉದ್ದೇಶಿಸಿದರು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಅವರು ೧೮೨೩ನೆಯ ಆಗಸ್ಟ್ ೧೭ರಂದು ಬರೆದ ವರದಿಯು ಬಹಳ ವಿವರವಾದುದು. ಇವರು ತೆಲುಗಿಗೆ ವ್ಯಾಕರಣವನ್ನು ಬರೆದ ಪಂಡಿತರು. ಮಕ್ಕಳು ಭಾಷೆಯನ್ನು ಕಲಿಯುವ ಕ್ರಮವನ್ನು ಕುತೂಹಲದಿಂದ ನೋಡಿದವರು. ಆ ಕಾಲದ ಇಂತಹ ಕಾಗದಪತ್ರಗಳನ್ನು ಧರ್ಮಪಾಲ್ ಅವರು ೧೯೮೩ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದುದರಿಂದ ಅವು ಎಲ್ಲರಿಗೂ ದೊರೆಯುವಂತಾಗಿವೆ.

ಕ್ಯಾಂಪ್‌ಬೆಲ್ ಅವರು ಹೇಳುವಂತೆ, ಮಠಕ್ಕೆ ಸೇರಿದ ಹುಡುಗನು ಮೊದಲು ನೆಲದ ಮಳಲಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ಬರೆಯುತ್ತಿದ್ದನು. ಯೂರೋಪಿನ ಮಕ್ಕಳು ಅಕ್ಷರಮಾಲೆಯನ್ನು ಮೊದಲು ಬಾಯಲ್ಲಿ ಹೇಳುವುದಕ್ಕೆ ತೊಡಗಿದರೆ, ಇಲ್ಲಿಯವರು ಮೊದಲು ಬರೆಯುವುದಕ್ಕೆ ತೊಡಗುತ್ತಿದ್ದರೆಂಬ ಭೇದವನ್ನು ಅವರು ಗುರುತಿಸಿದ್ದಾರೆ. ಮಳಲಿನಲ್ಲಿ ಕೈ ಕುದುರಿದ ಮೇಲೆ ಹುಡುಗನಿಗೆ ಓಲೆಯ ಮೇಲೆ ಕಂಠದಿಂದ, ಕಾಗದದ ಮೇಲೆ ಲೇಖನಿಯಿಂದ, ಇಲ್ಲವೆ ಹಲಗೆ ಮತ್ತು ಕಡತಗಳ ಮೇಲೆ ಬಳಪದಿಂದ ಬರೆಯುವ ಅಧಿಕಾರ ಬರುತ್ತಿತ್ತು. ಬಳ್ಳಾರಿಯ ಸೀಮೆಯಲ್ಲಿ ಹಲಗೆಯೂ ಕಡತವೂ ಹೆಚ್ಚು ಬಳಕೆಯಲ್ಲಿದ್ದವು. ಹಲಗೆಯೆಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದವುಳ್ಳ ಮರದ ತುಂಡು. ಅದನ್ನು ನುಣುಪಾಗಿ ಕೆತ್ತಿ, ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರಿದರೆ ಸಾಕು. ಕಡತವಾದರೋ ಗಂಜಿಯಲ್ಲಿ ಅದ್ದಿ ಬಿರುಸುಮಾಡಿದ ಬಟ್ಟೆ; ಅದನ್ನು ಪುಸ್ತಕದಂತೆ ಮಡಿಸಿ ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಡುತ್ತಿದ್ದರು. ಎರಡರ ಮೇಲಣ ಬರವಣಿಗೆಯನ್ನೂ ಒದ್ದೆಬಟ್ಟೆಯಿಂದ ಒರಸಿಬಿಡಬಹುದಾಗಿತ್ತು.

ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಅವರೂ ೧೮೧೦ರಲ್ಲಿ ಕಡತವನ್ನು ವರ್ಣಿಸಿದ್ದಾರೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ ಹನ್ನೆರಡರಿಂದ ಹದಿನೆಂಟು ಅಡಿಯವರೆಗೆ ಉದ್ದವೂ ಉಳ್ಳ ಹತ್ತಿಯ ಬಟ್ಟೆಯನ್ನು ಕತ್ತರಿಸದೆ ಸಮನಾಗಿ ಮಡಿಸಿ, ಎರಡು ಕೊನೆಗಳಿಗೆ ಬಣ್ಣದ ಮರದ ರಟ್ಟುಗಳನ್ನು ಕಟ್ಟುತ್ತಿದ್ದರಂತೆ. ಮಠದ ಹುಡುಗನು ಕಾಗುಣಿತ ತಿದ್ದಿದುದೂ, ವರ್ತಕನು ಲೆಕ್ಕ ಬರೆದುದೂ, ಸಂಸ್ಥಾನದವರು ದಾಖಲೆಗಳನ್ನು ಇಟ್ಟುದೂ ಒಂದೇ ಜಾತಿಯ ವಸ್ತುವಿನಲ್ಲಿ. ಇಂದಿಗೂ ನಮ್ಮ ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ಕಡತವೆಂಬ ಹೆಸರೇ ನಡೆಯುತ್ತಿದೆ. ಆದರೆ ಅದನ್ನು ಹಿಡಿದು ಓಡಾಡುವವರಲ್ಲಿ ಅದು ಒಂದು ಕಾಲಕ್ಕೆ ಮಕ್ಕಳ ಬರೆಯುವ ಬಟ್ಟೆಯಾಗಿತ್ತೆಂದು ಬಲ್ಲವರು ಕಡಮೆ.

ನಮ್ಮ ಭಾಷೆಯಲ್ಲಿಯೂ ಈ ಉಪಕರಣಗಳ ಗುರುತು ಉಳಿದಿದೆ. ಮಗುವು ಅಕ್ಷರವನ್ನು ‘ತಿದ್ದುತ್ತದೆ’ ಎನ್ನುತ್ತೇವೆ. ಗುರುವು ಬರೆದುಕೊಟ್ಟ ರೇಖೆಯ ಮೇಲೆ ಬೆರಳನ್ನು ಮತ್ತೆ ಮತ್ತೆ ಆಡಿಸುವುದಕ್ಕೆ ಈ ಮಾತು. ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಮಾತು. ಮಳಲಿನಲ್ಲಿ ಇವೆರಡೂ ಒಂದೇ ಕೆಲಸವಾಗಿದ್ದವು. ತಪ್ಪಾದುದನ್ನು ಅಂಗೈಯಿಂದ ಸವರಿದರೆ ಅದು ಇಲ್ಲವಾಗುತ್ತಿತ್ತು. ಹುಡುಗನು ಸಂಕೋಚವಿಲ್ಲದೆ ಮತ್ತೊಮ್ಮೆ ಬರೆಯುತ್ತಿದ್ದನು.

ಈ ಪದ್ಧತಿಯ ಎರಡು ಗುಣಗಳನ್ನು ಕ್ಯಾಂಪ್‌ಬೆಲ್ ಅವರು ವಿಶೇಷವಾಗಿ ಮೆಚ್ಚಿದರು. ಮೊದಲನೆಯದು ಮಿತವ್ಯಯ. ಎರಡನೆಯದು, ಮುಂದಿನ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದುದು. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದುದು ಸರಿಯೇ ಎಂದು ಅವರು ಹೇಳಿದ್ದಾರೆ. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. ೧೭೮೯ರಿಂದ ಮದರಾಸಿನ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಇಲ್ಲಿಯ ಮಕ್ಕಳು ಮಳಲಿನಲ್ಲಿ ಬರೆಯುವುದನ್ನು ಕಂಡು, ತಮ್ಮ ಶಾಲೆಯಲ್ಲಿಯೂ ಅದನ್ನು ನಡೆಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಇದು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಹರಡಿತು. ಹೀಗೆ ಕಲಿಕೆಯ ಉಪಕರಣಗಳು ಯಾವಾಗಲೂ ಪಶ್ಚಿಮದಿಂದ ಪೂರ್ವಕ್ಕೆ ಬಂದುವೆಂಬ ಮಾತೂ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆ ಕಾಲವನ್ನು ಸತ್ಯಯುಗವೆಂದು ಕೊಂಡಾಡುವುದು ವಿದ್ವಾಂಸರಿಗೆ ತಕ್ಕುದಲ್ಲ. ಅದೇ ವರದಿಯ ಸಂಖ್ಯೆಗಳನ್ನು ನೋಡಬೇಕು. ಆಗ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ಇಂದಿನ ಅನಂತಪುರದ ಸೀಮೆಯೂ ೧೮೮೨ರವರೆಗೆ ಆ ಜಿಲ್ಲೆಗೇ ಸೇರಿದ್ದಿತು. ಅಲ್ಲಿದ್ದ ಪಾಠಶಾಲೆಗಳು ೫೩೩. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ವಿದ್ಯಾರ್ಥಿಗಳ ಒಟ್ಟು ಸಂಖ್ಯೆ ೬,೬೪೧; ಅಂದರೆ ಸಾವಿರ ಜನರಿಗೆ ಏಳು ಮಂದಿಯೂ ಇಲ್ಲ. ಇವರಲ್ಲಿ ಹೆಣ್ಣುಮಕ್ಕಳು ಅರುವತ್ತೇ ಮಂದಿ. ಮಳಲಿಗೆ ಬೆಲೆಯಿಲ್ಲ, ಇದ್ದಿಲಿಗೆ ಬೆಲೆಯಿಲ್ಲ. ಆದರೂ ಬಾಗಿಲು ಇಷ್ಟು ಕಿರಿದಾಗಿತ್ತು. ಯೂರೋಪಿನ ಬಟ್ಟೆಗಳು ಬಂದು ಇಲ್ಲಿಯ ನೇಯ್ಗೆಯವರ ಜೀವನ ಕುಗ್ಗಿದುದರಿಂದ ತಂದೆತಾಯಿಗಳು ಮಕ್ಕಳನ್ನು ಓದಿಸಲಾರದೆ ಹೋದರೆಂದು ಕ್ಯಾಂಪ್‌ಬೆಲ್ ಅವರೇ ಒಪ್ಪಿಕೊಂಡಿದ್ದಾರೆ. ಉಪಕರಣವು ಅಗ್ಗವಾದ ಮಾತ್ರಕ್ಕೆ ವಿದ್ಯೆಯು ಎಲ್ಲರಿಗೂ ದೊರೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಾಹಿತ್ಯೋಪಾಧ್ಯಾಯರು ಗಮನಿಸಬೇಕಾದ ಇನ್ನೊಂದು ದೋಷವನ್ನೂ ಅವರು ಹೇಳಿದ್ದಾರೆ. ಮಕ್ಕಳಿಗೆ ಓದಿಸುತ್ತಿದ್ದ ಪುಸ್ತಕಗಳು ಪದ್ಯರೂಪದವು. ಅವುಗಳ ಭಾಷೆ ಆಡುಮಾತಿಗಿಂತ ಬಹಳ ಬೇರೆ. ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು, ಅರ್ಥವನ್ನು ಮಾತ್ರ ಅರಿಯುತ್ತಿರಲಿಲ್ಲ. ಕೈ ಕಲಿತಷ್ಟು ಬುದ್ಧಿ ಕಲಿಯಲಿಲ್ಲ. ಒಳ್ಳೆಯ ಉಪಕರಣವು ಕೆಟ್ಟ ಪಾಠಕ್ರಮವನ್ನು ತಾನಾಗಿ ತಿದ್ದಲಾರದು.

೩

ಎರಡನೆಯ ಮಾರ್ಪಾಡು ಅಚ್ಚಿನಿಂದ ಬಂದುದು. ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರಲ್ಲಿ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಟಿತು. ಶಾಲೆಯ ಪುಸ್ತಕಗಳೂ ಆ ಮುದ್ರಣಾಲಯದಿಂದ ಹೊರಬಿದ್ದು ನಾಡಿನಲ್ಲಿ ಹರಡಿದುವು.

೧೮೫೪ರ ವುಡ್ ಅವರ ಆದೇಶಪತ್ರದ ಅನಂತರ ಸರ್ಕಾರವೇ ಪಾಠಶಾಲೆಗಳ ಹೊಣೆಯನ್ನು ಹೊತ್ತಿತು. ಮೈಸೂರಿನಲ್ಲಿ ವಿದ್ಯಾಭ್ಯಾಸದ ಇಲಾಖೆಯು ೧೮೫೭ರಲ್ಲಿ ಏರ್ಪಟ್ಟಿತು. ಶಾಸನಗಳ ಸಂಗ್ರಹದಿಂದ ನಮ್ಮ ವಾಚಕರಿಗೆಲ್ಲ ಪರಿಚಿತರಾದ ಬಿ. ಎಲ್. ರೈಸ್ ಅವರು ಅದೇ ಇಲಾಖೆಯಲ್ಲಿದ್ದು, ಹೋಬಳಿಗೊಂದು ಕನ್ನಡ ಪಾಠಶಾಲೆಯಿರಬೇಕೆಂಬ ಯೋಜನೆಯನ್ನು ೧೮೬೮ರಲ್ಲಿ ಆಚರಣೆಗೆ ತಂದರು. ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡದ ಕಡೆಯಲ್ಲಿ ಶಾಲೆಗಳಿಗೆ ಮರಾಠಿಯ ನೆರಳು ಕವಿದಿತ್ತು. ಅಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ಕನ್ನಡ ಶಾಲೆಗಳನ್ನು ತೆರೆಯಿಸಿ, ಉಪಾಧ್ಯಾಯರನ್ನು ತರಬೇತುಗೊಳಿಸಿ, ಪುಸ್ತಕಗಳನ್ನು ಬರೆಯಿಸಿದರು. ದಕ್ಷಿಣಕನ್ನಡದಲ್ಲಿ ಮುಂದೆ ಪಂಜೆ ಮಂಗೇಶರಾಯರು (೧೮೭೪–೧೯೩೭) ಶಾಲೆಗಳ ಇನ್ಸ್‌ಪೆಕ್ಟರಿಕೆ ಮಾಡುತ್ತ ಮಕ್ಕಳ ಬಾಯಿಗೆ ಹೊಂದುವ ಪದ್ಯಗಳನ್ನೂ ಕಥೆಗಳನ್ನೂ ಬರೆದುದು ಪ್ರಸಿದ್ಧವಾಗಿದೆ. ಕ್ಯಾಂಪ್‌ಬೆಲ್ ಅವರು ಹೇಳಿದ ದೋಷವನ್ನು, ಎಂದರೆ ಅರಿಯದ ಭಾಷೆಯ ಬಾಯಿಪಾಠವನ್ನು, ನೀಗಿದವರು ಇಂತಹ ಮಹನೀಯರು. ಅಚ್ಚಿನ ಯಂತ್ರವು ಅವರ ಕೆಲಸವನ್ನು ಮನೆಮನೆಗೂ ಮುಟ್ಟಿಸಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ. ಹಲಗೆಯನ್ನು ಊರ ಬಡಗಿ ಮಾಡಬಲ್ಲನು. ಅಚ್ಚಿನ ಮೊಳೆಗಳನ್ನು ಯಾವ ಊರ ಉಪಾಧ್ಯಾಯನು ಎರಕಹೊಯ್ಯಬಲ್ಲನು? ಪುಸ್ತಕವು ದೂರದ ವಸ್ತುವೇ ಆದರೂ ಪಾಠಶಾಲೆಯಲ್ಲಿ ಅದು ಬೇರೂರಿತಲ್ಲವೆ? ಈ ಆಕ್ಷೇಪವು ನ್ಯಾಯವಾದುದು. ಅದರಿಂದ ನಮ್ಮ ವಿಚಾರವು ಇನ್ನಷ್ಟು ಸ್ಪಷ್ಟವಾಗುತ್ತದೆ. ಪುಸ್ತಕವು ಒಮ್ಮೆ ಅಚ್ಚಾಗಿ ಶಾಲೆಗೆ ಬಂದ ಮೇಲೆ ಅಚ್ಚುಕೂಟದ ಹಂಗಿನಲ್ಲಿ ಇರುವುದಿಲ್ಲ. ಉಪಾಧ್ಯಾಯನು ಅದನ್ನು ಬೇಕಾದ ಪುಟದಲ್ಲಿ ತೆರೆಯುತ್ತಾನೆ, ಬೇಡವಾದುದನ್ನು ಬಿಡುತ್ತಾನೆ, ಹಿಂದುಳಿದ ಹುಡುಗನಿಗಾಗಿ ಹಿಂದಕ್ಕೆ ಹೋಗುತ್ತಾನೆ. ಹಾಳೆ ಹರಿದರೆ ಉಳಿದ ಹಾಳೆಗಳನ್ನು ಓದಬಹುದು. ಅಣ್ಣನ ಪುಸ್ತಕವು ತಮ್ಮನಿಗೆ ಬರುವುದು. ಆದುದರಿಂದ ಉಪಕರಣವನ್ನು ಎಲ್ಲಿ ಮಾಡಿದರೆಂಬುದು ಮುಖ್ಯವಲ್ಲ. ಪಾಠದ ಹೊತ್ತಿನಲ್ಲಿ ಅದು ಯಾರ ಅಧೀನದಲ್ಲಿರುವುದೆಂಬುದು ಮುಖ್ಯ. ನಿಲ್ಲಿಸುವ, ಮರಳಿಸುವ, ಮಾರ್ಪಡಿಸುವ ಅಧಿಕಾರವು ಪಾಠಶಾಲೆಯವರಲ್ಲಿಯೇ ಇದ್ದರೆ ಅದನ್ನು ಸ್ವಾಧೀನದ ಉಪಕರಣವೆನ್ನೋಣ. ಬೇರೆಯವರಲ್ಲಿದ್ದರೆ ಪರಾಧೀನದ ಉಪಕರಣವೆನ್ನೋಣ.

ಹಲಗೆಯ ಸ್ಥಾನಕ್ಕೆ ಸ್ಲೇಟು ಬಂದಿತು. ಉತ್ತರದ ಕಡೆಯವರು ಇದನ್ನು ಪಾಟಿಯೆಂದರು. ಕಲ್ಲಿನ ಪದರಕ್ಕೆ ಮರದ ಚೌಕಟ್ಟು ಹಾಕಿದ ಈ ವಸ್ತುವಿಗೆ ಮತ್ತೆ ಮತ್ತೆ ಇದ್ದಿಲು ಬಳಿಯುವ ಕೆಲಸವಿಲ್ಲ. ಮಗುವಿನ ಕೈಗೆ ಅದು ಹಲಗೆಯಂತೆಯೇ ಒಗ್ಗಿತು. ಇದಕ್ಕಿಂತ ದೊಡ್ಡ ಬದಲಾವಣೆಯನ್ನು ತಂದುದು ಗೋಡೆಯ ಕರಿಹಲಗೆ. ಐಗಳ ಮಠದಲ್ಲಿ ಒಬ್ಬೊಬ್ಬ ಹುಡುಗನ ಪಾಠವೂ ಬೇರೆ ಬೇರೆಯಾಗಿತ್ತು. ಕರಿಹಲಗೆಯ ಮುಂದೆ ನಲವತ್ತು ಮಕ್ಕಳೂ ಒಂದೇ ಕಾಲದಲ್ಲಿ ಒಂದೇ ಪಾಠವನ್ನು ನೋಡುವರು. ಬರೆಯುವ ಕೈ ಮಗುವಿನದಲ್ಲ, ಉಪಾಧ್ಯಾಯನದು. ತರಗತಿಯೆಂಬ ವ್ಯವಸ್ಥೆಗೆ ಇದು ಒದಗಿತು. ಬಹುಮಂದಿಗೆ ಕಲಿಸಲು ಅನುಕೂಲವಾಯಿತು. ಮಗುವಿನ ಕೈಗಿದ್ದ ಕೆಲಸವು ಮಾತ್ರ ಕಡಮೆಯಾಯಿತು. ಹೀಗಿದ್ದರೂ ಕರಿಹಲಗೆಯು ಸ್ವಾಧೀನದ ಉಪಕರಣವೇ. ಅದರ ಕಪ್ಪು ಮಾಸಿದಾಗ ಹಳ್ಳಿಯ ಶಾಲೆಗಳಲ್ಲಿ ಇದ್ದಿಲನ್ನೂ ಹಸುರೆಲೆಯ ರಸವನ್ನೂ ಅರೆದು ಮಕ್ಕಳೇ ಬಳಿಯುತ್ತಿದ್ದುದನ್ನು ಕಂಡವರು ಈಗಲೂ ಇದ್ದಾರೆ.

ಬಾಗಿಲಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಆರಂಭವಾಯಿತು. ೧೯೧೩ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನನ್ನು ಮಾಡಿ, ಆಯ್ದ ಸ್ಥಳಗಳಲ್ಲಿ ಅದನ್ನು ಕಡ್ಡಾಯಗೊಳಿಸಲು ದಾರಿಮಾಡಿತು. ೧೯೧೫ರಲ್ಲಿ ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಪಾಠಶಾಲೆಯ ಪ್ರವೇಶವನ್ನು ತಪ್ಪಿಸಕೂಡದೆಂದು ಗೊತ್ತುಮಾಡಿತು. ಬಾಗಿಲನ್ನು ತೆರೆದುದು ಇಂತಹ ಕಟ್ಟಳೆಗಳು. ಸ್ಲೇಟೂ ಅಲ್ಲ, ಪುಸ್ತಕವೂ ಅಲ್ಲ. ಆದರೆ ಬಾಗಿಲು ತೆರೆದಾಗ ಒಳಗೆ ಬಂದ ಮಗುವಿನ ಕೈಗೆ ಕೊಡಲು ಸ್ಲೇಟೂ ಪುಸ್ತಕವೂ ಸಿದ್ಧವಾಗಿದ್ದುವೆಂಬುದನ್ನೂ ಮರೆಯಬಾರದು.

೪

ಮೂರನೆಯ ಮಾರ್ಪಾಡು ದೂರದಿಂದ ಬರುವ ಧ್ವನಿ ಮತ್ತು ಚಿತ್ರಗಳದು. ಇದರ ಆರಂಭವೂ ಕನ್ನಡ ನಾಡಿಗೆ ಗೌರವವನ್ನು ತರುವಂತಹದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅದಕ್ಕೆ ಸಂದಿತು. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತಳೆಯಿತು. ಮನಸ್ಸು ಹೇಗೆ ಕಲಿಯುವುದೆಂಬುದನ್ನು ಶಾಸ್ತ್ರವಾಗಿ ಬೋಧಿಸುತ್ತಿದ್ದವರೊಬ್ಬರು ಕಾಲೇಜಿನ ಗೋಡೆಯ ಹೊರಗಿನವರಿಗೂ ಮಾತನ್ನು ಮುಟ್ಟಿಸಲು ಯಂತ್ರವನ್ನು ತಾವೇ ಹಿಡಿದುದು ಗಮನಾರ್ಹವಾಗಿದೆ. ಈ ಯಂತ್ರವನ್ನು ನಡೆಯಿಸುವವರು ಊರಿನಲ್ಲಿಯೇ ಇದ್ದರು.

ನಲವತ್ತು ವರ್ಷಗಳ ಅನಂತರ ನಡೆದ ಪ್ರಯೋಗವು ಬೇರೆ ಬಗೆಯದು. ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ, ಅಮೆರಿಕದ ಒಂದು ಕೃತಕ ಉಪಗ್ರಹವನ್ನು ಎರವು ಪಡೆದು, ಭಾರತದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ನೇರವಾಗಿ ಕಳುಹಿಸಲಾಯಿತು. ‘ಸೈಟ್’ ಎಂದು ಕರೆಯಲ್ಪಟ್ಟ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಸುಮಾರು ಮೂರು ಮೀಟರು ಅಗಲದ ತಂತಿಬಲೆಯ ಗ್ರಾಹಕವನ್ನು ನಿಲ್ಲಿಸಿ, ಆಕಾಶದಿಂದ ಬಂದ ಅಲೆಗಳನ್ನು ಹಳ್ಳಿಯಲ್ಲಿಯೇ ಹಿಡಿಯುತ್ತಿದ್ದರು. ದಿನಕ್ಕೆ ನಾಲ್ಕು ಗಂಟೆಗಳ ಕಾರ್ಯಕ್ರಮ. ಅದರಲ್ಲಿ ಬೆಳಗಿನ ಒಂದೂವರೆ ಗಂಟೆ ಪಾಠಶಾಲೆಯ ಮಕ್ಕಳಿಗೆ ಮೀಸಲು. ಒಂದು ಚಿತ್ರದೊಡನೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಏರ್ಪಾಡಿತ್ತು. ಕನ್ನಡದ ಕಾರ್ಯಕ್ರಮಗಳನ್ನು ಹೈದರಾಬಾದಿನಲ್ಲಿ ಸಿದ್ಧಗೊಳಿಸಿ, ಅಹಮದಾಬಾದಿನ ಭೂಕೇಂದ್ರದಿಂದ ಮೇಲಕ್ಕೆ ಕಳುಹಿಸುತ್ತಿದ್ದರು.

ವಿದ್ಯುಚ್ಛಕ್ತಿಯೇ ಹೊಸದಾಗಿದ್ದ ಹಳ್ಳಿಗಳಲ್ಲಿ ಇದು ಮಾಡಿದ ಬೆರಗು ಸಾಮಾನ್ಯವಲ್ಲ. ನಮ್ಮ ವಿಜ್ಞಾನಿಗಳ ಸಾಮರ್ಥ್ಯವೂ ಇದರಿಂದ ಸಿದ್ಧವಾಯಿತು. ಆದರೆ ಮೇಲೆ ಹೇಳಿದ ಒರೆಗಲ್ಲಿನಲ್ಲಿ ಉಜ್ಜಿ ನೋಡಿದರೆ ಇದರ ದೌರ್ಬಲ್ಯವು ಕಾಣುತ್ತದೆ. ಪಾಠವು ಬರುವ ಹೊತ್ತಿಗೆ ಶಾಲೆಯು ಸಿದ್ಧವಾಗಿರಬೇಕು. ಶಾಲೆಯ ಹೊತ್ತಿಗೆ ಪಾಠವು ಬರುವುದಿಲ್ಲ. ಮಗುವೊಂದು ‘ತಿಳಿಯಲಿಲ್ಲ’ ಎಂದರೆ ತೆರೆಯ ಮೇಲಿನ ಮಾತು ನಿಲ್ಲುವುದಿಲ್ಲ. ರಾಯಚೂರು ಸೀಮೆಯ ಆಡುಮಾತಿಗೆ ಅದನ್ನು ಹೊಂದಿಸಿಕೊಳ್ಳುವ ಅಧಿಕಾರವು ಅಲ್ಲಿಯ ಉಪಾಧ್ಯಾಯನಿಗೆ ಇರಲಿಲ್ಲ. ಗೊತ್ತಾದ ಅವಧಿಯು ತೀರಿದೊಡನೆ ಉಪಗ್ರಹವು ಹಿಂದಿರುಗಿತು. ಹಳ್ಳಿಯವರ ಇಷ್ಟಾನಿಷ್ಟಗಳನ್ನು ಕೇಳುವ ಪ್ರಶ್ನೆಯೇ ಏಳಲಿಲ್ಲ. ಅದೇ ಪ್ರಯೋಗದಲ್ಲಿ ಉಪಾಧ್ಯಾಯರಿಗಾಗಿಯೇ ವಿಜ್ಞಾನಬೋಧನೆಯ ತರಬೇತನ್ನು ಏರ್ಪಡಿಸಿ, ದೂರದರ್ಶನದ ಜೊತೆಗೆ ಕೈಯ ಪ್ರಯೋಗಗಳನ್ನೂ ಚರ್ಚೆಯನ್ನೂ ಸೇರಿಸಿದ್ದರು. ತೆರೆಯು ಆರಿದ ಮೇಲೂ ಉಳಿಯಬಲ್ಲುದು ಈ ಭಾಗವೇ; ಏಕೆಂದರೆ ಅದು ಉಪಾಧ್ಯಾಯನಲ್ಲಿ ನೆಲೆಗೊಳ್ಳತಕ್ಕ ವಿದ್ಯೆ.

ಹನ್ನೊಂದು ವರ್ಷಗಳ ಬಳಿಕ, ೧೯೮೭ರಲ್ಲಿ, ಕೇಂದ್ರ ಸರ್ಕಾರವು ಪ್ರಾಥಮಿಕ ಶಾಲೆಗಳಿಗಾಗಿ ಕೈಗೊಂಡ ಮಹತ್ತರವಾದ ಯೋಜನೆಗೆ ಕರಿಹಲಗೆಯ ಹೆಸರನ್ನೇ ಇಟ್ಟಿತು. ಶಾಲೆಗೆ ಎರಡಾದರೂ ಕೋಣೆಗಳು, ಇಬ್ಬರಾದರೂ ಉಪಾಧ್ಯಾಯರು, ಅವಶ್ಯವಾದ ಬೋಧನ ಸಾಮಗ್ರಿ, ಇಷ್ಟನ್ನು ಒದಗಿಸುವುದೇ ಅದರ ಗುರಿ. ಉಪಗ್ರಹದ ಪಾಠವನ್ನು ಕಂಡ ದೇಶದಲ್ಲಿ ಕರಿಹಲಗೆಯಿಲ್ಲದ ಶಾಲೆಗಳು ಇನ್ನೂ ಇದ್ದುವೆಂಬುದನ್ನು ಈ ಹೆಸರೇ ಸಾರುತ್ತದೆ.

೨೦೦೪ನೆಯ ಸೆಪ್ಟೆಂಬರಿನಲ್ಲಿ ವಿದ್ಯಾಭ್ಯಾಸಕ್ಕೆಂದೇ ನಮ್ಮವರು ಕಟ್ಟಿದ ‘ಎಜುಸ್ಯಾಟ್’ ಉಪಗ್ರಹವು ಶ್ರೀಹರಿಕೋಟೆಯಿಂದ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳು ನಡೆದುವು. ಉಪಗ್ರಹವು ಎರವಿನದಲ್ಲವಾದರೂ ಪಾಠದ ಅಧೀನವು ಹಿಂದಿನಂತೆಯೇ ದೂರದಲ್ಲಿದ್ದಿತು. ೨೦೧೦ರಲ್ಲಿ ಅದರ ಆಯುಸ್ಸು ಮುಗಿಯಿತು.

೫

ಗಣಕಯಂತ್ರದ ಚರಿತ್ರೆಯಲ್ಲಿ ಸ್ವಾಧೀನ ಪರಾಧೀನಗಳ ಭೇದವು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ೧೯೮೪ರಲ್ಲಿ ಕೇಂದ್ರ ಸರ್ಕಾರವು ಪ್ರೌಢಶಾಲೆಗಳಲ್ಲಿ ಗಣಕಯಂತ್ರದ ಪರಿಚಯಕ್ಕಾಗಿ ಒಂದು ಯೋಜನೆಯನ್ನು ಆರಂಭಿಸಿತು. ಯಂತ್ರಗಳು ಇಂಗ್ಲೆಂಡಿನಿಂದ ಬಂದುವು. ಕರ್ನಾಟಕದಲ್ಲಿ ೨೦೦೧ರಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯು ಸರ್ಕಾರಿ ಪ್ರೌಢಶಾಲೆಗಳಿಗೆ ಬಂದಿತು. ಯಂತ್ರಗಳನ್ನು ನಿಲ್ಲಿಸುವುದನ್ನೂ ಕಲಿಸುವುದನ್ನೂ ಗುತ್ತಿಗೆಯ ಮೇಲೆ ಹೊರಗಿನವರಿಗೆ ಒಪ್ಪಿಸಿದರು. ಹೀಗಾದುದರಿಂದ ಗಣಕಯಂತ್ರವು ಒಂದು ಬೇರೆ ಪಾಠವಾಯಿತೇ ಹೊರತು, ಕನ್ನಡವನ್ನೋ ಗಣಿತವನ್ನೋ ಕಲಿಸುವ ಉಪಾಧ್ಯಾಯನ ಉಪಕರಣವಾಗಲಿಲ್ಲ. ಅದೇ ಕಾಲದಲ್ಲಿ ನೆರೆಯ ಕೇರಳದವರು ಶಾಲೆಯ ಉಪಾಧ್ಯಾಯರಿಗೇ ಯಂತ್ರವನ್ನು ಕಲಿಸಿ, ಯಾರು ಬೇಕಾದರೂ ಬಿಚ್ಚಿ ನೋಡಿ ಮಾರ್ಪಡಿಸಬಹುದಾದ ಸ್ವತಂತ್ರ ತಂತ್ರಾಂಶವನ್ನು ಮುಂದೆ ಆರಿಸಿಕೊಂಡರು. ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಎಂಬ ಸಂಸ್ಥೆಯವರು ಈ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿ, ಉಪಾಧ್ಯಾಯರು ತಾವೇ ನಡೆಯಿಸುವ ಪದ್ಧತಿಯೇ ಮೇಲೆಂಬ ನಿರ್ಣಯಕ್ಕೆ ಬಂದರು. ೨೦೧೧ರಿಂದ ಕರ್ನಾಟಕದಲ್ಲಿಯೂ ‘ವಿಷಯ ಶಿಕ್ಷಕರ ವೇದಿಕೆ’ಗಳು ಏರ್ಪಟ್ಟು, ಪ್ರೌಢಶಾಲೆಯ ಉಪಾಧ್ಯಾಯರು ಒಬ್ಬರೊಡನೊಬ್ಬರು ವಿಚಾರಮಾಡುತ್ತ ಕನ್ನಡದಲ್ಲಿ ಪಾಠಸಾಮಗ್ರಿಯನ್ನು ತಾವೇ ರಚಿಸತೊಡಗಿದುದು ಸಂತೋಷದ ವಿಷಯ.

ವಿದ್ಯುಚ್ಛಕ್ತಿಯ ಗಂಧವೇ ಇಲ್ಲದ ಒಂದು ಉಪಕರಣವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ರಿಷಿವ್ಯಾಲಿಯ ಹಳ್ಳಿಶಾಲೆಗಳ ಕ್ರಮವನ್ನು ಕಂಡು ಬಂದು, ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಹಾಡುಗಳನ್ನು ಕಟ್ಟಿ, ‘ನಲಿ ಕಲಿ’ಯೆಂಬ ಪದ್ಧತಿಯನ್ನು ನಿರ್ಮಿಸಿದರು. ಮಗುವು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ವೇಗದಲ್ಲಿ ಕಲಿಯುವುದು; ದೊಡ್ಡವನು ಚಿಕ್ಕವನಿಗೆ ಹೇಳಿಕೊಡುವುದು. ಐಗಳ ಮಠದ ಗುಣಗಳೆರಡೂ, ಎಂದರೆ ಕೈಯ ಕೆಲಸವೂ ಪರಸ್ಪರ ಬೋಧನೆಯೂ, ಇದರಲ್ಲಿ ಮರಳಿ ಬಂದುವು. ಈ ಬಾರಿ ಬಾಗಿಲು ಎಲ್ಲರಿಗೂ ತೆರೆದಿತ್ತು. ೨೦೦೯ರಲ್ಲಿ ಸರ್ಕಾರವು ಇದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿತು. ತಾವೇ ಬರೆದ ಕಾರ್ಡಿಗೂ ಅಚ್ಚಾಗಿ ಬಂದ ಕಾರ್ಡಿಗೂ ಉಪಾಧ್ಯಾಯನ ಮನಸ್ಸಿನಲ್ಲಿ ಅಂತರವಿರುವುದು ಸಹಜ. ಇಂತಹ ಪದ್ಧತಿಯನ್ನು ಹರಡುವಾಗ ಕಾರ್ಡುಗಳನ್ನು ಹಂಚಿದರೆ ಸಾಲದು. ಕಾರ್ಡನ್ನು ತಿದ್ದುವ ಅಧಿಕಾರವನ್ನೂ ಹಂಚಬೇಕು.

೬

೨೦೨೦ನೆಯ ಮಾರ್ಚ್ ತಿಂಗಳಿನಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಪಾಠಶಾಲೆಗಳೆಲ್ಲ ಮುಚ್ಚಿದುವು. ಪಾಠವು ಅಂತರ್ಜಾಲದಲ್ಲಿ ನಡೆಯಬೇಕೆಂಬ ಕೂಗು ಎಲ್ಲೆಡೆ ಎದ್ದಿತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕರ್ನಾಟಕದ ವಿದ್ಯಾ ಇಲಾಖೆಯು ‘ವಿದ್ಯಾಗಮ’ವೆಂಬ ಕ್ರಮವನ್ನು ತಂದಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು: ಅಂತರ್ಜಾಲವುಳ್ಳ ಸ್ಮಾರ್ಟ್‌ಫೋನು ಮೊದಲಾದವು ಇರುವವರು, ಬರಿಯ ಮೊಬೈಲು ಇರುವವರು, ಯಾವುದೂ ಇಲ್ಲದವರು. ಮನೆಯಲ್ಲಿರುವ ಉಪಕರಣವನ್ನು ನೋಡಿ ಮಕ್ಕಳನ್ನು ವಿಂಗಡಿಸಬೇಕಾದ ಸ್ಥಿತಿ ಒದಗಿತು. ೧೮೨೩ರಲ್ಲಿ ಬಡತನದಿಂದ ಮಗುವಿಗೆ ಮಠದ ಬಾಗಿಲು ಮುಚ್ಚಿದ್ದರೂ, ಒಳಗೆ ಬಂದವರೆಲ್ಲರಿಗೂ ಮಳಲು ಒಂದೇ ಆಗಿತ್ತು. ೨೦೨೦ರಲ್ಲಿ ಉಪಕರಣವೇ ಬಾಗಿಲಾಯಿತು.

ಆಗ ಉಪಾಧ್ಯಾಯರು ಏನುಮಾಡಿದರೆಂಬುದನ್ನು ಚರಿತ್ರಕಾರರು ಬರೆದಿಡಬೇಕು. ಅವರು ಊರೂರಿಗೆ, ಕೇರಿಕೇರಿಗೆ ಹೋದರು. ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಗಳ ಜಗಲಿಯ ಮೇಲೆ ಮಕ್ಕಳನ್ನು ದೂರದೂರ ಕುಳ್ಳಿರಿಸಿ ಪಾಠ ಹೇಳಿದರು. ಇದಕ್ಕೆ ವಠಾರ ಶಾಲೆಯೆಂದು ಹೆಸರಾಯಿತು. ದೂರದರ್ಶನದ ‘ಚಂದನ’ದಲ್ಲಿ ಪಾಠಗಳು ಬಂದುವು, ಮೊಬೈಲಿನಲ್ಲಿ ಬಂದುವು, ಅವುಗಳಿಂದ ಪ್ರಯೋಜನವೂ ಆಯಿತು. ಆದರೆ ಆ ಪಾಠವು ಮಗುವಿಗೆ ಹತ್ತಿತೋ ಇಲ್ಲವೋ ಎಂಬುದನ್ನು ನೋಡುವುದಕ್ಕೆ ಜಗಲಿಗೆ ಬಂದ ಉಪಾಧ್ಯಾಯನೇ ಬೇಕಾಯಿತು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಈ ಕ್ರಮವನ್ನು ನಿಲ್ಲಿಸಬೇಕಾಗಿ ಬಂದು, ೨೦೨೧ನೆಯ ಜನವರಿಯಲ್ಲಿ ಅದು ಮತ್ತೆ ಆರಂಭವಾಯಿತು.

ಇಷ್ಟರಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಮೊದಲನೆಯದು: ಕಲಿಕೆಯ ಉಪಕರಣವು ಹೊಸದೋ ಹಳೆಯದೋ ಎಂಬ ವಿವಾದವು ನಿರರ್ಥಕ. ಪಾಠದ ಹೊತ್ತಿನಲ್ಲಿ ಅದನ್ನು ನಿಲ್ಲಿಸಲು, ಮರಳಿಸಲು, ಮಾರ್ಪಡಿಸಲು ಉಪಾಧ್ಯಾಯನಿಗೆ ಶಕ್ಯವಿದೆಯೆ, ಮಗುವಿನ ಕೈಗೆ ಅದರಲ್ಲಿ ಕೆಲಸವಿದೆಯೆ, ಅದು ಕೆಟ್ಟ ದಿನವೂ ಪಾಠವು ನಡೆಯುವುದೆ ಎಂದು ಕೇಳಬೇಕು. ಎರಡನೆಯದು: ಬಾಗಿಲನ್ನು ಉಪಕರಣವು ತೆರೆಯಲಾರದು, ಅದು ಕಾನೂನಿನ, ಹಣದ, ಸಮಾಜದ ನ್ಯಾಯಬುದ್ಧಿಯ ಕೆಲಸ. ಆದರೆ ಎಚ್ಚರವಿಲ್ಲದಿದ್ದರೆ ತೆರೆದ ಬಾಗಿಲನ್ನು ಉಪಕರಣವು ಮುಚ್ಚಬಲ್ಲುದು. ಮೂರನೆಯದು: ಯಾವ ಉಪಕರಣವೂ ತಾನಾಗಿ ಬೇರೂರಲಿಲ್ಲ. ಅಚ್ಚಿನ ಪುಸ್ತಕದ ಹಿಂದೆ ಚನ್ನಬಸಪ್ಪನವರಂತಹವರು ಉಪಾಧ್ಯಾಯರನ್ನು ಸಿದ್ಧಗೊಳಿಸಿದ ಶ್ರಮವಿತ್ತು. ಯಂತ್ರಕ್ಕೆ ಕೊಡುವ ಹಣದೊಡನೆ ಈ ಶ್ರಮಕ್ಕೂ ಹಣವನ್ನು ಎತ್ತಿಡದ ಯೋಜನೆಗಳು ಗುತ್ತಿಗೆಯ ಅವಧಿಗಿಂತ ಹೆಚ್ಚು ಕಾಲ ಬಾಳುವುದು ಕಷ್ಟ.

ಕೊನೆಯದಾಗಿ ವಿದ್ವಾಂಸರಲ್ಲಿ ಒಂದು ವಿಜ್ಞಾಪನೆ. ಮಠಗಳಲ್ಲಿಯೂ ಮನೆತನಗಳಲ್ಲಿಯೂ ಉಳಿದಿರುವ ಕಡತಗಳಲ್ಲಿ ನಾವು ರಾಜಕೀಯ ಚರಿತ್ರೆಯನ್ನೂ ಭೂದಾನಗಳನ್ನೂ ಹುಡುಕಿದ್ದೇವೆ. ಕಾಗುಣಿತ ತಿದ್ದಿದ, ಮಗ್ಗಿ ಬರೆದ ಕಡತಗಳಿದ್ದರೆ ಅವುಗಳನ್ನೂ ಅಷ್ಟೇ ಆದರದಿಂದ ಕಾಪಾಡಬೇಕು. ಹಲಗೆ, ಪಾಟಿ, ಬಳಪ, ಕಡ್ಡಿ, ಓನಾಮ ಮೊದಲಾದ ಪಾಠಶಾಲೆಯ ಮಾತುಗಳನ್ನು ಜಿಲ್ಲೆ ಜಿಲ್ಲೆಗಳಿಂದ ಸಂಗ್ರಹಿಸಬೇಕು. ನಿವೃತ್ತರಾದ ಹಳ್ಳಿಯ ಉಪಾಧ್ಯಾಯರು ತಾವು ಬಳಸಿದ ಉಪಕರಣಗಳ ವಿಚಾರವನ್ನು ಬರೆಯಿಸಿಡಬೇಕು. ಮಕ್ಕಳ ಕೈಗೆ ಮುಂದೆ ಏನನ್ನು ಕೊಡಬೇಕೆಂದು ನಿರ್ಣಯಿಸುವವರು ಹಿಂದೆ ಅವರ ಕೈಯಲ್ಲಿ ಏನಿತ್ತೆಂಬುದನ್ನು ಅರಿತಿರುವುದು ಅವಶ್ಯಕ.